ಯುಟೋಪಿಯಾ ದ್ವೀಪದ ದಿನಚರ್ಯೆ

ಇಂಗ್ಲೆಂಡು ದೇಶದ ನ್ಯಾಯಶಾಸ್ತ್ರಜ್ಞನಾದ ಥಾಮಸ್ ಮೋರ್ ಎಂಬವನು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಯುಟೋಪಿಯಾ’ ಎಂಬ ಗ್ರಂಥವು 1516ರಲ್ಲಿ ಲೂವೆನ್ ನಗರದಲ್ಲಿ ಮುದ್ರಿತವಾಯಿತು. ಗ್ರೀಕ್ ಶಬ್ದಗಳಿಂದ ಕಲ್ಪಿಸಿದ ಈ ಹೆಸರಿಗೆ ‘ಎಲ್ಲಿಯೂ ಇಲ್ಲದ ಸ್ಥಳ’ವೆಂದರ್ಥ, ಉಚ್ಚಾರಸಾಮ್ಯದಿಂದ ‘ಒಳ್ಳೆಯ ಸ್ಥಳ’ವೆಂಬ ಶ್ಲೇಷೆಯೂ ಅದರಲ್ಲುಂಟು. ರಾಫೇಲ್ ಹಿಥ್ಲೋಡೇ ಎಂಬ ಕಲ್ಪಿತ ಸಂಚಾರಿಯು ತಾನು ಕಂಡ ದ್ವೀಪವೊಂದನ್ನು ವರ್ಣಿಸುವಂತೆ ಗ್ರಂಥವು ಹೆಣೆಯಲ್ಪಟ್ಟಿದೆ.

ಈ ಕಲ್ಪನೆಗೆ ಕಾರಣವಾದ ದುಃಖವು ಮಾತ್ರ ಕಲ್ಪಿತವಾದುದಲ್ಲ. ಆ ಕಾಲದಲ್ಲಿ ಉಣ್ಣೆಯ ಲಾಭಕ್ಕೆ ಮನಸೋತ ಇಂಗ್ಲೆಂಡಿನ ಭೂಸ್ವಾಮಿಗಳು ಉಳುವ ಭೂಮಿಗೆ ಬೇಲಿ ಹಾಕಿ ಕುರಿಗಳನ್ನು ಮೇಯಿಸತೊಡಗಿದರು. ಒಕ್ಕಲೆಬ್ಬಿಸಲ್ಪಟ್ಟ ರೈತರು ಅಲೆಮಾರಿಗಳಾದರು. ಹಸಿವಿನಿಂದ ಕದ್ದವರಿಗೆ ಗಲ್ಲಿನ ಶಿಕ್ಷೆಯಾಗುತ್ತಿತ್ತು. ಗ್ರಂಥದ ಪೂರ್ವಭಾಗದಲ್ಲಿ ಈ ಅನ್ಯಾಯವನ್ನು ಖಂಡಿಸಿ, ಉತ್ತರಭಾಗದಲ್ಲಿ ಮೋರನು ದ್ವೀಪದ ವ್ಯವಸ್ಥೆಯನ್ನು ವಿವರಿಸಿರುವನು.

ರಾಮಾಯಣ ಮಹಾಭಾರತಗಳಲ್ಲಿ ವರ್ಣಿತವಾದ ಉತ್ತರಕುರು ದೇಶದಲ್ಲಿ ವೃಕ್ಷಗಳೇ ಇಷ್ಟಫಲಗಳನ್ನೂ ವಸ್ತ್ರಾಭರಣಗಳನ್ನೂ ಕೊಡುವುವು. ಅಲ್ಲಿಯ ಸುಖವು ದೈವದತ್ತವಾದುದು. ಯುಟೋಪಿಯಾದಲ್ಲಿ ಅಂಥ ಕಲ್ಪವೃಕ್ಷಗಳಿಲ್ಲ. ಅಲ್ಲಿಯ ಸುಖವೆಲ್ಲ ದುಡಿಮೆಯ ಹಂಚಿಕೆಯಿಂದ ಬಂದುದು.

ದ್ವೀಪದಲ್ಲಿ 54 ನಗರಗಳಿವೆ. ಸ್ತ್ರೀಪುರುಷರೆಲ್ಲರೂ ಬೇಸಾಯವನ್ನು ಕಲಿಯತಕ್ಕದ್ದು. ನಗರವಾಸಿಗಳು ಸರದಿಯ ಮೇಲೆ ಹಳ್ಳಿಗೆ ಹೋಗಿ 2 ವರ್ಷ ಹೊಲದಲ್ಲಿ ದುಡಿಯತಕ್ಕದ್ದು. ಇದಲ್ಲದೆ ನೆಯ್ಗೆ, ಗಾರೆಕೆಲಸ, ಕಮ್ಮಾರಿಕೆ, ಬಡಗಿತನ ಮೊದಲಾದವುಗಳಲ್ಲಿ ಒಂದು ಕಸುಬು ಪ್ರತಿಯೊಬ್ಬರಿಗೂ ಉಂಟು. ದಿನಕ್ಕೆ ಕೆಲಸವು 6 ಘಂಟೆ ಮಾತ್ರ: ಮಧ್ಯಾಹ್ನಕ್ಕೆ ಮೊದಲು 3, ಊಟವಾಗಿ 2 ಘಂಟೆ ವಿಶ್ರಮಿಸಿದ ಮೇಲೆ ಪುನಃ 3. ನಿದ್ರೆಗೆ 8 ಘಂಟೆ. ಉಳಿದ ಕಾಲವು ಅವರವರ ಸ್ವಂತ. ಬಹುಜನರು ಬೆಳಗಿನ ಜಾವದಲ್ಲೇ ಎದ್ದು ವಿದ್ವಾಂಸರ ಉಪನ್ಯಾಸಗಳನ್ನು ಕೇಳುವರು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕೈಗಾರಿಕೆಗಳಿಗೆ ವಿಧಿಸಿದ ಮಿತಿಯು 8 ಘಂಟೆಯೆಂಬುದನ್ನು ನೆನೆದರೆ ಮೋರನ ಧೈರ್ಯವು ವಿಶದವಾಗುವುದು. 6 ಘಂಟೆ ಸಾಕಾಗುವುದು ಹೇಗೆಂದರೆ, ಇತರ ದೇಶಗಳಲ್ಲಿ ಧನಿಕರೂ ಅವರ ಪರಿವಾರದವರೂ ದುಡಿಯದೆ ಉಣ್ಣುವರು, ಇಲ್ಲಿ ಅಂಥವರಿಲ್ಲ. ಆಡಂಬರದ ವಸ್ತುಗಳಿಗೆ ಶ್ರಮವ್ಯಯವೂ ಇಲ್ಲ.

ಮನೆಗಳಿಗೆ ಬೀಗವಿಲ್ಲ, 10 ವರ್ಷಗಳಿಗೊಮ್ಮೆ ಚೀಟಿಯೆತ್ತಿ ಮನೆಗಳನ್ನು ಬದಲಾಯಿಸಿಕೊಳ್ಳುವರು. ಕುಟುಂಬದ ಹಿರಿಯನು ಪೇಟೆಗೆ ಹೋಗಿ ಬೇಕಾದುದನ್ನು ಹಣವಿಲ್ಲದೆ ತರುವನು. 30 ಕುಟುಂಬಗಳಿಗೆ ಒಂದರಂತೆ ಭೋಜನಶಾಲೆಯುಂಟು. ಊಟಕ್ಕೆ ಮೊದಲು ನೀತಿಗ್ರಂಥದ ಕಿರುಪಠನವಾಗುವುದು. ಚಿನ್ನದ ಮೇಲಿನ ಮೋಹವನ್ನು ನೀಗುವುದಕ್ಕಾಗಿ ಅದರಿಂದ ಮಲಮೂತ್ರಗಳ ಪಾತ್ರೆಗಳನ್ನೂ ದಾಸರ ಸಂಕೋಲೆಗಳನ್ನೂ ಮಾಡಿಸುವರು.

ದಾಸರೆಂಬ ಈ ಮಾತಿನಲ್ಲಿಯೇ ವಾಚಕರು ನಿಂತು ಯೋಚಿಸಬೇಕು. ಘೋರಾಪರಾಧ ಮಾಡಿದ ಸ್ವದೇಶಿಗಳು, ಪರದೇಶಗಳಲ್ಲಿ ಮರಣದಂಡನೆಗೆ ಗುರಿಯಾದವರು, ಯುದ್ಧದಲ್ಲಿ ಸೆರೆಸಿಕ್ಕವರು—ಇವರು ಅಲ್ಲಿಯ ದಾಸರು. ಪಶುಗಳನ್ನು ಕೊಂದರೆ ಮನಸ್ಸಿನ ದಯೆಯು ಕ್ಷೀಣಿಸುವುದೆಂದು ನಾಗರಿಕರು ಆ ಕೆಲಸವನ್ನು ಮುಟ್ಟರು, ಮಾಂಸವನ್ನಾದರೋ ಬಿಡರು. ಕೊಲ್ಲುವ ಕೆಲಸವನ್ನು ನಗರದ ಹೊರಗೆ ದಾಸರು ಮಾಡುವರು. ಭೋಜನಶಾಲೆಯ ಹೊಲಸು ಕೆಲಸವೂ ಅವರದೇ. 6 ಘಂಟೆಯ ನಿಯಮವು ಅವರಿಗೆ ಅನ್ವಯಿಸದು. ಅವರ ದುಡಿಮೆಗೆ ವಿರಾಮವಿಲ್ಲವೆಂದು ಗ್ರಂಥವೇ ಹೇಳುವುದು.

ಅಶುಚಿಯೆನಿಸಿದ ಕೆಲಸವನ್ನು ಒಂದು ವರ್ಗದ ತಲೆಗೆ ಕಟ್ಟಿ, ಅವರನ್ನು ಊರ ಹೊರಗಿರಿಸಿ, ಮಿಕ್ಕವರು ಶುಚಿಗಳೆಂದು ಬಾಳುವ ಏರ್ಪಾಡು ಭಾರತೀಯ ವಾಚಕರಿಗೆ ಅಪರಿಚಿತವಲ್ಲ. ಭೇದವಾದರೂ ಒಂದುಂಟು: ಯುಟೋಪಿಯಾದಲ್ಲಿ ದಾಸನ ಮಗನು ದಾಸನಲ್ಲ, ಪಶ್ಚಾತ್ತಾಪಪಟ್ಟವನಿಗೆ ಬಿಡುಗಡೆಯೂ ಸಾಧ್ಯ. ಭಾರತದಲ್ಲಿ ನಿರಪರಾಧಿಗೆ ಹುಟ್ಟೇ ಶಿಕ್ಷೆಯಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಬೇಕಾಯಿತು.

ಸೋಮಾರಿಗಳಾದ ಧನಿಕರನ್ನು ದುಡಿಮೆಗೆ ಹಚ್ಚಿದರೆ ಎಲ್ಲರಿಗೂ ಬಿಡುವು ದೊರೆಯುವುದೆಂದು ಲೆಕ್ಕಹಾಕಿ ತೋರಿಸಿದ್ದು ಮೋರನ ಹಿರಿಮೆ. ಆದರೆ ಯಾರೂ ಒಲ್ಲದ ಕೆಲಸವನ್ನು ಸರದಿಯ ಮೇಲೆ ಎಲ್ಲರಿಗೂ ಹಂಚುವ ಧೈರ್ಯವು ಅವನ ಕಲ್ಪನೆಗೂ ಬರಲಿಲ್ಲ. ಹೊಲದ ಕೆಲಸಕ್ಕೆ ಸರದಿಯನ್ನು ಕಂಡುಹಿಡಿದವನು ಕಸಾಯಿಖಾನೆಯ ಬಾಗಿಲಲ್ಲಿ ಅದನ್ನು ಕೈಬಿಟ್ಟನು. ಉತ್ತಮ ಸಮಾಜವನ್ನು ರಚಿಸಲು ಹೊರಡುವವರು ಅಲ್ಲಿಂದಲೇ ಮುಂದಕ್ಕೆ ಸಾಗಬೇಕಾಗಿದೆ.