ಅರವತ್ತು ಓಮ್‌ನ ಸಾಕ್ಷ್ಯ: ಮಣ್ಣು ಅಗೆಯುವ ಯಂತ್ರಗಳ ಸಂವಹನ ದೋಷ ಪತ್ತೆಯ ಒಂದು ಮರುಪರಿಶೀಲನೆ

ನಾಯಂಡಹಳ್ಳಿಯಿಂದ ಕೆಂಗೇರಿ ದಾಟಿ ಕುಂಬಳಗೋಡಿನವರೆಗೆ ಮೈಸೂರು ರಸ್ತೆಯ ಗ್ಯಾರೇಜುಗಳಲ್ಲಿ ಒಂದು ಮಾತು ಸೂತ್ರದಂತೆ ಚಾಲ್ತಿಯಲ್ಲಿದೆ: ಮೀಟರಿನಲ್ಲಿ ಅರವತ್ತು ಬಂದರೆ ಲೈನ್ ಸರಿ ಇದೆ, ಹೋಗಿರುವುದು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್). ತರಬೇತಿ ಕೈಪಿಡಿಗಳು ಈ ಸೂತ್ರದ ಮೊದಲರ್ಧವನ್ನು ಕಲಿಸುತ್ತವೆ. ಉಳಿದರ್ಧ ಅದಕ್ಕೆ ತಾನಾಗಿಯೇ ಅಂಟಿಕೊಂಡಿದೆ. ಬಹಳ ಕಾಲ ನಾನೂ ಹಾಗೆಯೇ ಪಾಠ ಹೇಳಿದ್ದೇನೆ. ಈ ಲೇಖನದ ತಕರಾರು ಆ ಉತ್ತರಾರ್ಧದ ಬಗ್ಗೆ.

ಪೂರ್ವಾರ್ಧದಲ್ಲಿ ವಿವಾದವೇನಿಲ್ಲ. ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ, ನಿಯಂತ್ರಣ ಘಟಕಗಳು ಪರಸ್ಪರ ಸಂದೇಶ ಕಳಿಸುವ ಕ್ಯಾನ್ ಪದ್ಧತಿ 1993ರಲ್ಲಿ ಐಎಸ್‌ಒ 11898 ಮಾನಕವಾಯಿತು. ಅದರ ಮೇಲೆ ಕಟ್ಟಿದ ಎಸ್‌ಎಇ ಜೆ1939 ಇಂದು ಭಾರೀ ಯಂತ್ರಗಳ ಸಮಾನ ಭಾಷೆ. ಹಳದಿ ಮತ್ತು ಹಸಿರು ತಂತಿಗಳ ಒಂದು ಹೆಣೆದ ಜೋಡಿ, ಅದರ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್. ಕೀ ತೆಗೆದು ಅಳೆದರೆ ಎರಡೂ ಸೇರಿ 60 ತೋರಿಸಬೇಕು. 120 ಬಂದರೆ ಒಂದು ತುದಿ ಕಡಿದಿದೆ. 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. 2021ರ ಏಪ್ರಿಲ್ 1ರಿಂದ ನಿರ್ಮಾಣ ಯಂತ್ರಗಳಿಗೆ ಭಾರತ್ ಸ್ಟೇಜ್ 4 ಹೊಗೆ ನಿಯಮ ಜಾರಿಯಾದ ಮೇಲೆ ಮಧ್ಯಮ ಗಾತ್ರದ ಯಂತ್ರಗಳಲ್ಲೂ ಕಂಪ್ಯೂಟರ್ ನಿಯಂತ್ರಿತ ಎಂಜಿನ್ ವ್ಯಾಪಕವಾಯಿತು. ಅಲ್ಲಿಯವರೆಗೆ ಡೀಸೆಲ್ ಪಂಪ್ ಬಿಚ್ಚಿ ಕೂಡಿಸುತ್ತಿದ್ದ ಕೈಗಳಿಗೆ ಈ ಅರವತ್ತರ ಲೆಕ್ಕ ಬಂದದ್ದು ಹೀಗೆ.

ನನ್ನ ಅನುಮಾನಕ್ಕೆ ಕಾರಣವಾದದ್ದು ವೃಷಭಾವತಿಗೆ ಸೇರುವ ಒಂದು ರಾಜಕಾಲುವೆಯಲ್ಲಿ ಹೂಳು ಎತ್ತುತ್ತಿದ್ದ ಬ್ಯಾಕ್‌ಹೋ ಲೋಡರ್. ಜನರ ಬಾಯಲ್ಲಿ ಇಂಥವೆಲ್ಲ ಜೆಸಿಬಿಗಳೇ. ತಯಾರಕರ ಹೆಸರು ಇಲ್ಲಿ ಅಪ್ರಸ್ತುತ. ಬಕೆಟ್ ಗಟ್ಟಿ ನೆಲಕ್ಕೆ ಬಡಿದಾಗಲೆಲ್ಲ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದು, ಕೆಂಪು ದೀಪ ಹತ್ತಿ, ಮರುಗಳಿಗೆಯಲ್ಲೇ ಎಲ್ಲ ಸರಿಯಾಗುತ್ತಿತ್ತು. ಸ್ಕ್ಯಾನರ್ ಕೊಟ್ಟ ಕೋಡ್ ಎಸ್‌ಪಿಎನ್ 190, ಎಫ್‌ಎಂಐ 9. ಎಂಜಿನ್ ವೇಗದ ಸಂದೇಶ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಎಂದು ಇದರರ್ಥ. ಗ್ಯಾರೇಜಿನಲ್ಲಿ ಅಳೆದಾಗ 59.8 ಓಮ್ ಬಂತು. ಹೊಸ ಇಸಿಎಂ ತರಿಸುವ ಮಾತೂ ಆಗಿತ್ತು. ಆಗ ಆಪರೇಟರ್ ಹೇಳಿದ ಒಂದು ಮಾತನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ: "ಮುಳ್ಳು ಬಿದ್ರೂ ಎಂಜಿನ್ ಸೌಂಡು ಒಂಚೂರೂ ಬದ್ಲಾಗಲ್ಲ ಸಾರ್."

ಮೊದಲು ಅರವತ್ತರ ಲೆಕ್ಕ ನೋಡೋಣ. ಈ ಯಂತ್ರದಲ್ಲಿ ಎರಡು ರೆಸಿಸ್ಟರ್‌ಗಳೂ ಮುಖ್ಯ ಲೈನಿನ ತುದಿಗಳಲ್ಲಿದ್ದವು. ಇಸಿಎಂ ಇದ್ದದ್ದು ನಡುವಿನ ಒಂದು ಕವಲಿನಲ್ಲಿ. ಕ್ಯಾನ್ ಜೋಡಣೆಯ ಒಂದು ಘಟಕದ ಒಳರೋಧ ಸಾಮಾನ್ಯವಾಗಿ ಹತ್ತರಿಂದ ನೂರು ಕಿಲೋ ಓಮ್. ಮೂವತ್ತು ಕಿಲೋ ಎಂದು ಹಿಡಿದರೆ, ಇಸಿಎಂ ಕೂಡಿಕೊಂಡಿದ್ದಾಗ ಮೀಟರ್ 59.88 ತೋರಿಸಬೇಕು, ಕವಲು ಪೂರ್ತಿ ಕಡಿದು ಬಿದ್ದಾಗ 60.00. ಎರಡಕ್ಕೂ ಇರುವ ಅಂತರ 0.12 ಓಮ್. ಮೀಟರಿನ ಪ್ರೋಬ್ ತಂತಿಗಳ ರೋಧವೇ ಅಷ್ಟಿರುತ್ತದೆ. ಅಂದರೆ ಇಸಿಎಂ ಲೈನಿನಲ್ಲಿದೆಯೋ ಇಲ್ಲವೋ ಎಂಬುದನ್ನೇ ಈ ಪರೀಕ್ಷೆ ಹೇಳಲಾರದು. ಮುಖ್ಯ ಲೈನಿನ ದೋಷವೂ ಅದರ ಕಣ್ಣು ತಪ್ಪಿಸಬಹುದು: ಒಂದು ಕಪ್ಲರಿನಲ್ಲಿ ಹತ್ತು ಓಮ್ ತುಕ್ಕು ಕೂತರೆ ಮೀಟರ್ 62.4 ತೋರಿಸುತ್ತದೆ, ಗ್ಯಾರೇಜು ಅದನ್ನು ಸರಿ ಎಂದೇ ಒಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಳತೆ ನಡೆಯುವುದು ನಿಂತ ಯಂತ್ರದಲ್ಲಿ; ದೋಷ ಕಾಣಿಸಿಕೊಳ್ಳುವುದು ಅದುರುವ ಯಂತ್ರದಲ್ಲಿ.

ಇಸಿಎಂನ ಕವಲೇ ಆಗಾಗ ಕಡಿಯುತ್ತಿದೆ ಎಂಬ ನನ್ನ ಊಹೆಗೆ ಗ್ಯಾರೇಜಿನವರು ಎತ್ತಿದ ಆಕ್ಷೇಪ ಹಗುರವಾದದ್ದಲ್ಲ. ಕವಲು ಕಡಿದಿದ್ದರೆ ಎಂಜಿನ್ನಿನ ಎಲ್ಲ ಮಾಹಿತಿಯೂ ನಿಲ್ಲಬೇಕಿತ್ತು. ಕೂಲೆಂಟ್ ಶಾಖದ ಮುಳ್ಳು ಅಲುಗಾಡಲೇ ಇಲ್ಲವಲ್ಲ ಎಂದು ಅವರು ಕೇಳಿದರು. ಉತ್ತರ ಸಂದೇಶಗಳ ವೇಳಾಪಟ್ಟಿಯಲ್ಲಿದೆ. ಜೆ1939ರಲ್ಲಿ ಎಂಜಿನ್ ವೇಗ ಕೆಲವೇ ಹತ್ತು ಮಿಲಿಸೆಕೆಂಡುಗಳಿಗೊಮ್ಮೆ ಬರುತ್ತದೆ, ಕೂಲೆಂಟ್ ಶಾಖ ಸೆಕೆಂಡಿಗೊಮ್ಮೆ. ಅರ್ಧ ಸೆಕೆಂಡಿನ ಕಡಿತದಲ್ಲಿ ವೇಗದ ಹತ್ತಾರು ಸಂದೇಶಗಳು ಕಳೆದುಹೋಗುತ್ತವೆ, ಶಾಖದ್ದು ಒಂದೂ ಹೋಗದಿರಬಹುದು. ಆದ್ದರಿಂದ ಬೇಗ ಬರುವ ಸಂದೇಶ ಮಾತ್ರ ತಪ್ಪಿತೆಂಬುದು ಇಸಿಎಂ ಕೆಟ್ಟಿದೆಯೆನ್ನಲು ಪುರಾವೆಯಲ್ಲ. ಕಡಿತ ಎಷ್ಟು ಹೊತ್ತಿನದು ಎಂಬುದನ್ನಷ್ಟೇ ಅದು ಹೇಳುತ್ತದೆ.

ಹಾಗಾದರೆ ಇಸಿಎಂ ಜೀವಂತವಾಗಿತ್ತೇ? ಆಪರೇಟರನ ಮಾತು ಇಲ್ಲಿ ತೂಕ ಪಡೆಯುತ್ತದೆ. ಇಂಥ ಎಂಜಿನ್ನಿನಲ್ಲಿ ಪ್ರತಿ ಇಂಜೆಕ್ಟರನ್ನೂ ತೆರೆಯುವುದು ಇಸಿಎಂ. ಅದಕ್ಕೆ ಕರೆಂಟ್ ಅಥವಾ ಅರ್ತ್ ತಪ್ಪಿದ್ದರೆ ಸದ್ದು ಮುಗ್ಗರಿಸಬೇಕಿತ್ತು. ಮುಳ್ಳು ಬಿದ್ದರೂ ಸದ್ದು ಕದಲಲಿಲ್ಲವೆಂದರೆ ಇಸಿಎಂ ಕೆಲಸ ಮಾಡುತ್ತಲೇ ಇತ್ತು, ಅದರ ಮಾತು ಮಾತ್ರ ಕ್ಯಾಬಿನ್ ತಲುಪಲಿಲ್ಲ. ಸ್ಕ್ಯಾನರಿನ ಕೋಡ್ ಡಿಸ್‌ಪ್ಲೇ ಕೊಟ್ಟ ದೂರು. ಅದು ಕೇಳಿಸಿಕೊಳ್ಳುವವನ ಅನುಭವ, ಹೇಳುವವನ ತಪ್ಪೊಪ್ಪಿಗೆಯಲ್ಲ. ಇಸಿಎಂ ಬದಿಯ ಕಪ್ಲರ್ ಬಿಚ್ಚಿ, ಹಸಿರು ತಂತಿಯ ಪಿನ್ನಿಗೆ ಮೀಟರ್ ಹಚ್ಚಿ ಹಾರ್ನೆಸ್ಸನ್ನು ಮೆಲ್ಲನೆ ಅಲುಗಾಡಿಸಿದೆವು. ಒಂದು ಓಮಿಗಿಂತ ಕಡಿಮೆಯಿದ್ದ ಅಂಕಿ ಸಾವಿರಗಳಿಗೆ ಜಿಗಿದು ಮತ್ತೆ ಇಳಿಯಿತು. ಪಿನ್ನಿನ ಬುಡದಲ್ಲಿ ಹೊಗೆಮಸಿಯಂಥ ಕಪ್ಪು ಪುಡಿ. ಪಿನ್ ಬದಲಿಸಿದ ಮೇಲೆ ಕೋಡ್ ಮರಳಲಿಲ್ಲ.

ಈ ವಾದಕ್ಕೆ ಗಡಿಗಳಿವೆ. ತುದಿಯ ರೆಸಿಸ್ಟರ್ ಇಸಿಎಂ ಒಳಗೇ ಇರುವ ಯಂತ್ರದಲ್ಲಿ ಅದೇ ಕಡಿತ 120 ಎಂದು ಕಾಣಬಹುದು. ಅದೂ ಅಳೆಯುವ ಗಳಿಗೆಯಲ್ಲಿ ಕಡಿದಿದ್ದರೆ ಮಾತ್ರ. ಲೈನ್ ತಪ್ಪಿದೊಡನೆ ಎಂಜಿನ್ನನ್ನು ಐಡ್ಲಿಂಗಿಗೆ ಇಳಿಸುವ ಯಂತ್ರಗಳಿವೆ. ಅಲ್ಲಿ ಸದ್ದಿನ ಸಾಕ್ಷ್ಯ ದುರ್ಬಲ. ಇಸಿಎಂ ಒಳಗಿನ ಕ್ಯಾನ್ ಚಿಪ್ ಒಂದೇ ಕೆಟ್ಟರೂ ಎಂಜಿನ್ ಓಡುತ್ತಲೇ ಇರಬಹುದು. ಹಾಗಾಗಿ ಸದ್ದನ್ನು ಕೇಳಿ ಕಪ್ಲರ್ ಬಿಚ್ಚುವುದನ್ನು ಬಿಡುವಂತಿಲ್ಲ. ಒಂದು ಯಂತ್ರದ ಮಾತಿನಿಂದ ಇಸಿಎಂಗಳು ಕೆಡುವುದೇ ಇಲ್ಲವೆಂದು ನಾನು ಸಾಧಿಸುತ್ತಿಲ್ಲ. ಅರವತ್ತು ಓಮ್ ಅವುಗಳ ಮೇಲಿನ ಆರೋಪಕ್ಕೆ ಸಾಕ್ಷಿಯಾಗಲಾರದು ಎಂಬಷ್ಟೇ ನನ್ನ ನಿಲುವು.

ಆ ಕಪ್ಪು ಪುಡಿಯ ಪ್ರಶ್ನೆ ಬಗೆಹರಿದಿಲ್ಲ. ಕಾಲುವೆಯ ನೀರೇ ಪಿನ್ನನ್ನು ತಿಂದಿತು ಎಂಬುದು ಗ್ಯಾರೇಜಿನ ಅಭಿಪ್ರಾಯ. ಚರಂಡಿಯ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸುವುದು ನಿಜ. ಆದರೆ ಈ ಪಿನ್ನಿಗೆ ತವರದ ಲೇಪವಿತ್ತು, ಮತ್ತು ಸಣ್ಣ ಅದುರಿಕೆಯಲ್ಲಿ ಸವೆದ ತವರದ ಆಕ್ಸೈಡ್ ಕೂಡ ಕಪ್ಪು ಪುಡಿಯೇ. ಮೊದಲನೆಯದಾದರೆ ಕಾಲುವೆ ಕೆಲಸದ ಯಂತ್ರಗಳನ್ನು ಮಾತ್ರ ಕಾಡುವ ದೋಷ. ಎರಡನೆಯದಾದರೆ ನೈಸ್ ರಸ್ತೆಯ ಬದಿ ಒಣ ನೆಲದಲ್ಲಿ ಅಗೆಯುವ ಯಂತ್ರಕ್ಕೂ ತಪ್ಪಿದ್ದಲ್ಲ. ತೆಗೆದ ಪಿನ್ನನ್ನು ಪುಡಿಸಮೇತ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅದರಲ್ಲಿ ಗಂಧಕ ಇದೆಯೇ ಎಂಬ ಪರೀಕ್ಷೆ ಇನ್ನೂ ಆಗಬೇಕಿದೆ.