ಕಾಫಿ ತೋಟದ ಗುಟ್ಟು ಊರಿಗೆಲ್ಲ ಹಂಚಿದ ಕಥೆ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಫಿ ಬೆಳೆಗಾರರು ಮಾರಾಟಕ್ಕೆ ನಿಂತಾಗ ಒಬ್ಬರಿಗೊಬ್ಬರು ಪೈಪೋಟಿಯವರೇ. ಹೀಗಿರುವಾಗ ನಮ್ಮ ತೋಟದ ಗುಟ್ಟನ್ನು ನೆರೆಯವರಿಗೆ ಯಾಕೆ ಹೇಳಬೇಕು ಅಂತ ಕೆಲವರು ಕೇಳೋದುಂಟು. ನಮ್ಮ ಸೀಮೆಯ ಚರಿತ್ರೆಯಲ್ಲೇ ಇದಕ್ಕೆ ಉತ್ತರವಿದೆ.

ಎಲೆತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಮುಂದೆ ಅಲ್ಲಿಯ ಕಾಫಿ ಬೇಸಾಯವನ್ನೇ ಹಾಳುಮಾಡಿತು. ನಮ್ಮ ಮಲೆನಾಡಿಗೂ ಬಂತು. ಅದರ ಕಿತ್ತಳೆ ಬಣ್ಣದ ಪುಡಿ ಗಾಳಿ ಮಳೆಯ ಜೊತೆ ಹರಡುತ್ತದೆ. ಬೇಲಿ ಅದನ್ನು ತಡೆಯದು. ನಮ್ಮ ತೋಟ ಉಳಿಯಬೇಕಾದರೆ ಪಕ್ಕದ ತೋಟವೂ ಉಳಿಯಬೇಕು.

1911ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೆಂಟ್ ಎಂಬ ತೋಟಗಾರರು ರೋಗ ತಡೆಯುವ ಗಿಡವೊಂದನ್ನು ಗುರುತಿಸಿದರು. ಅದರ ಬೀಜ ಅವರ ತೋಟದಲ್ಲೇ ಉಳಿಯದೆ ಹಲವು ತೋಟ ಸೇರಿತು. 1915ರಲ್ಲಿ ಸರ್ಕಾರ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ಎಸ್. 288 ತಳಿಗೆ ಕೆಂಟ್ಸ್ ತಳಿಯನ್ನು ಕೂಡಿಸಿ ಪಡೆದದ್ದೇ ನಮಗೆಲ್ಲ ಗೊತ್ತಿರುವ ಎಸ್. 795. ಆ ಬೀಜ ಒಬ್ಬರ ಬೇಲಿಯೊಳಗೇ ಉಳಿದಿದ್ದರೆ ಈ ತಳಿ ನಮಗೆ ಸಿಗುತ್ತಿರಲಿಲ್ಲ.

ಆದರೂ ಮೈಮರೆಯುವ ಹಾಗಿಲ್ಲ. ತುಕ್ಕಿನ ಹೊಸ ಬಗೆಗಳು ಹುಟ್ಟಿ, ಮೊದಲು ಕೆಂಟ್ಸ್, ಆಮೇಲೆ ಎಸ್. 795 ಕೂಡ ರೋಗಕ್ಕೆ ತುತ್ತಾಗತೊಡಗಿದವು. ಆದ್ದರಿಂದ ಎಲೆಯ ಅಡಿಯಲ್ಲಿ ಕಿತ್ತಳೆ ಮಚ್ಚೆ ಕಂಡರೆ ಮುಚ್ಚಿಡಬೇಡಿ. ನೆರೆಯವರಿಗೆ ಹೇಳಿ, ಕೇಂದ್ರಕ್ಕೂ ತಿಳಿಸಿ. ಮುಂಗಾರಿಗೆ ಮೊದಲೇ ಅಕ್ಕಪಕ್ಕದವರೆಲ್ಲ ಕೂಡಿ ಬೋರ್ಡೋ ದ್ರಾವಣ ಸಿಂಪಡಿಸಿರಿ.