ಯುದ್ಧದಿಂದ ಮಿಕ್ಕ ಲಾರಿಗಳೂ ಹಿಮದ ದಾರಿಗಳೂ: ಅಮೆರಿಕದ ಅನುಭವದ ಒಂದು ಸಮೀಕ್ಷೆ

೧

ಯುದ್ಧವೊಂದು ಮುಗಿದಾಗ ಇತಿಹಾಸಕಾರರ ದೃಷ್ಟಿ ಕೌಲುಗಳ ಕಡೆಗೂ ಹೊಸ ಗಡಿಗಳ ಕಡೆಗೂ ತಿರುಗುವುದು ಸ್ವಾಭಾವಿಕ. ಯುದ್ಧಕ್ಕಾಗಿ ತಯಾರಾಗಿ, ಯುದ್ಧ ತೀರಿದ ಮೇಲೂ ಉಳಿದುಕೊಂಡ ಸಾಮಗ್ರಿಗಳ ಗತಿ ಏನಾಯಿತೆಂದು ವಿಚಾರಿಸುವವರು ವಿರಳ. ಆದರೆ ಸಾಮಾನ್ಯ ಜನರ ಬಾಳಿಗೆ ಕೌಲುಗಳಿಗಿಂತ ಈ ಸಾಮಗ್ರಿಗಳೇ ಹೆಚ್ಚು ಹತ್ತಿರವಾದ ಸಂದರ್ಭಗಳುಂಟು. ಪ್ರಸ್ತುತ ಲೇಖನದಲ್ಲಿ ಅವುಗಳ ಪೈಕಿ ಸೈನಿಕ ಲಾರಿಯನ್ನು ಮಾತ್ರ ತೆಗೆದುಕೊಂಡು, ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ಅದು ಚಳಿಗಾಲದ ವಾಹನವಾಗಿ ಎಷ್ಟರಮಟ್ಟಿಗೆ ಉಪಯುಕ್ತವಾಯಿತೆಂಬುದನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಸೈನ್ಯದ ಲಾರಿ ಬಲವಾದದ್ದು, ಅಗ್ಗವಾಗಿ ದೊರೆಯುವಂಥದು, ಆದುದರಿಂದ ಹಿಮ ಬೀಳುವ ನಾಡಿನಲ್ಲಿರುವವನು ಅದನ್ನು ಕೊಂಡರೆ ಚಳಿಗಾಲದ ಚಿಂತೆ ತೀರಿತು ಎಂಬ ಭಾವನೆ ಆ ದೇಶದಲ್ಲಿ ಬಹುಕಾಲದಿಂದ ಬೇರೂರಿದೆ, ಇಂದಿಗೂ ಅಳಿದಿಲ್ಲ. ಈ ಭಾವನೆಯಲ್ಲಿ ಸತ್ಯಾಂಶವಿದೆ, ಪೂರ್ಣಸತ್ಯವಿಲ್ಲ. ಲಾರಿಯ ಉಪಯುಕ್ತತೆ ಅದರ ಉಕ್ಕಿನಲ್ಲಿ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿ, ಅದನ್ನು ಯಾರು ಯಾವ ವ್ಯವಸ್ಥೆಯೊಳಗೆ ಇಟ್ಟುಕೊಂಡರು ಎಂಬುದನ್ನು ಅವಲಂಬಿಸಿತ್ತೆಂಬುದು ನಮ್ಮ ಅಭಿಪ್ರಾಯ. ಇದನ್ನು ಎರಡು ಮಹಾಯುದ್ಧಗಳ ಅನಂತರದ ಸಂಗತಿಗಳಿಂದ ಸಮರ್ಥಿಸಬಹುದಾಗಿದೆ.

೨

ಹಿಮಪಾತವನ್ನು ಕಾಣದ ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಸಮಸ್ಯೆಯ ಸ್ವರೂಪವನ್ನು ಮೊದಲು ತಿಳಿಸುವುದು ಅವಶ್ಯಕ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಹಳ್ಳ ತುಂಬಿ ಸಂಕ ಮುಳುಗಿದರೆ ಒಂಟಿಮನೆಗಳಿಗೂ ಪೇಟೆಗೂ ಸಂಪರ್ಕ ಕಡಿದುಹೋಗುವುದನ್ನು ನಾವು ಬಲ್ಲೆವು. ವಿಸ್ಕಾನ್ಸಿನ್, ಮಿನ್ನೆಸೋಟ, ವರ್ಮಾಂಟ್ ಮೊದಲಾದ ಸಂಸ್ಥಾನಗಳಲ್ಲಿ ಇಂತಹ ಅಡಚಣೆ ಡಿಸೆಂಬರಿನಿಂದ ಮಾರ್ಚಿಯವರೆಗೂ ಮತ್ತೆ ಮತ್ತೆ ಒದಗುತ್ತಿತ್ತು.

ಆದರೆ ಮೋಟಾರು ಬರುವುದಕ್ಕೆ ಮುಂಚೆ ಅಲ್ಲಿನ ಜನ ದಾರಿಯ ಮೇಲಿನ ಹಿಮವನ್ನು ಶತ್ರುವೆಂದು ಬಗೆದಿರಲಿಲ್ಲವೆಂಬುದು ಗಮನಾರ್ಹ. ಕುದುರೆಗಳು ಎಳೆಯುವ ದೊಡ್ಡ ಮರದ ಉರುಳೆಗಳಿಂದ ಹಿಮವನ್ನು ಒತ್ತಿ ಗಟ್ಟಿಮಾಡಿ, ಅದರ ಮೇಲೆ ಗಾಲಿಯಿಲ್ಲದ ಜಾರುಗಾಡಿಗಳನ್ನು ಓಡಿಸುತ್ತಿದ್ದರು. ಮೇಲ್ಛಾವಣಿಯುಳ್ಳ ಮರದ ಸೇತುವೆಗಳೊಳಗೆ ಹಿಮ ಬೀಳದೆ ಗಾಡಿ ತಡೆಯುತ್ತಿದ್ದುದರಿಂದ, ಹೊರಗಿನ ಹಿಮವನ್ನು ಸಲಿಕೆಗಳಿಂದ ತಂದು ಸೇತುವೆಯ ಹಲಗೆಗಳ ಮೇಲೆ ಹರಡುವ ಪದ್ಧತಿಯೂ ಇತ್ತು. ಅಂದರೆ, ಹಿಮವೇ ಆಗ ರಸ್ತೆಯಾಗಿತ್ತು.

ಮೋಟಾರು ಈ ಸಂಬಂಧವನ್ನು ತಲೆಕೆಳಗು ಮಾಡಿತು. ಜಾರುಗಾಡಿಗೆ ಅನುಕೂಲವಾಗಿದ್ದ ಹಿಮದಲ್ಲಿ ಚಕ್ರ ಹೂತುಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಕಾರಿನ ಒಡೆಯರು ಚಳಿಗಾಲ ಮೊದಲಾಗುತ್ತಲೇ ರೇಡಿಯೇಟರಿನ ನೀರನ್ನು ಬಸಿದು, ಕಾರನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ವಸಂತದವರೆಗೆ ಕುದುರೆಯನ್ನೇ ನೆಚ್ಚುವುದು ರೂಢಿಯಾಗಿತ್ತು. ಎರಡು ಬಗೆಯ ವಾಹನಗಳನ್ನೂ ಸಾಕುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಕುದುರೆಗಳು ಕಡಮೆಯಾದಂತೆಲ್ಲ ರೋಗಿಯ ಬಳಿಗೆ ಹೊರಟ ವೈದ್ಯ, ಹಳ್ಳಿಯ ಟಪಾಲಿನವನು, ಕರೆದ ಹಾಲನ್ನು ಅಂದಂದೇ ಸಾಗಿಸಬೇಕಾದ ರೈತ, ಇವರ ಕಷ್ಟ ಹೆಚ್ಚಾಯಿತು. ಆಗ ಬೇಕಾದುದು ಹಿಮದ ಮೇಲೆ ಸಾಗುವ ವಾಹನವಲ್ಲ, ಹಿಮವಿಲ್ಲದ ದಾರಿ. ಅದನ್ನು ಒದಗಿಸಬಲ್ಲ ಭಾರವಾದ ಯಂತ್ರವನ್ನು ಕೊಳ್ಳಲು ಸಣ್ಣ ಊರಾಡಳಿತಗಳ ಬೊಕ್ಕಸದಲ್ಲಿ ಹಣವಿರಲಿಲ್ಲ.

೩

ಈ ತೊಡಕಿಗೆ ಪರಿಹಾರ ಬಂದುದು ಯುದ್ಧದ ಮಾರ್ಗವಾಗಿ. ೧೯೧೭ರ ಏಪ್ರಿಲಿನಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದ ಮೇಲೆ ಅಲ್ಲಿನ ರೈಲುಮಾರ್ಗಗಳು ಸರಕಿನ ದಟ್ಟಣೆಯಿಂದ ಕಟ್ಟಿಕೊಂಡವು. ಆ ವರ್ಷದ ಡಿಸೆಂಬರಿನಲ್ಲಿ ಅವುಗಳ ಆಡಳಿತವನ್ನು ಸರಕಾರವೇ ವಹಿಸಿಕೊಳ್ಳಬೇಕಾಯಿತು. ಸೈನ್ಯಕ್ಕೆ ತಯಾರಾದ ಲಾರಿಗಳನ್ನು ರೈಲಿನಲ್ಲಿ ಹೊರಿಸಿ ಕಳುಹಿಸುವ ಬದಲು, ಅವುಗಳಲ್ಲೇ ಸಾಮಾನು ತುಂಬಿ ಅಟ್ಲಾಂಟಿಕ್ ತೀರದ ಬಂದರುಗಳಿಗೆ ರಸ್ತೆಯ ಮೇಲೆ ಓಡಿಸುವ ಯೋಜನೆ ರೂಪುಗೊಂಡಿತು. ಹಡ್ಸನ್ ಮೋಟಾರು ಸಂಸ್ಥೆಯ ರಾಯ್ ಚೇಪಿನ್ ಮುಖ್ಯಸ್ಥನಾಗಿದ್ದ ಹೆದ್ದಾರಿ ಸಾಗಣೆ ಸಮಿತಿ ಇದಕ್ಕೆ ಬೆಂಬಲವಾಗಿ ನಿಂತಿತು. ಡಿಸೆಂಬರ್ ೧೯೧೭ರಲ್ಲಿ ಮೊದಲ ಲಾರಿಗಳ ಸಾಲು ಓಹಾಯೋದ ಟೊಲಿಡೊ ನಗರದಿಂದ ಬಾಲ್ಟಿಮೋರಿನ ಕಡೆಗೆ ಹೊರಟಿತು. ಆ ವರ್ಷದ ಚಳಿ ಅತಿ ಕಠಿನವಾಗಿತ್ತು. ಹಾಗಿದ್ದರೂ ಪೆನ್ಸಿಲ್ವೇನಿಯದ ಹೆದ್ದಾರಿ ಇಲಾಖೆ ಅಲೆಘೆನಿ ಬೆಟ್ಟಸಾಲನ್ನು ದಾಟುವ ಲಿಂಕನ್ ಹೆದ್ದಾರಿಯ ಹಿಮವನ್ನು ಸರಿಸಿ ಸೈನ್ಯದ ಲಾರಿಗಳಿಗೆ ದಾರಿ ಮಾಡಿಕೊಟ್ಟಿತು. ಬೆಟ್ಟದ ರಸ್ತೆಯನ್ನು ಚಳಿಗಾಲದಲ್ಲಿಯೂ ತೆರೆದಿಡಬಹುದೆಂಬುದು ಇದರಿಂದ ಪ್ರತ್ಯಕ್ಷವಾಗಿ ಸಿದ್ಧವಾಯಿತು.

ನವೆಂಬರ್ ೧೯೧೮ರಲ್ಲಿ ಯುದ್ಧ ನಿಂತಾಗ ಸೈನ್ಯದ ಬಳಿ ಸಾವಿರಾರು ಲಾರಿಗಳು ಮಿಕ್ಕಿದ್ದವು. ಅವೆಲ್ಲ ಒಮ್ಮೆಗೇ ಮಾರುಕಟ್ಟೆಗೆ ಬಂದರೆ ಹೊಸ ಲಾರಿಗಳನ್ನು ಕೇಳುವವರಿಲ್ಲದಂತಾಗುವ ಭಯ ತಯಾರಕರಿಗಿತ್ತು. ೧೯೧೯ರ ಫೆಬ್ರವರಿಯಲ್ಲಿ ಅಂಗೀಕೃತವಾದ ಶಾಸನ ಇದಕ್ಕೆ ಬೇರೊಂದು ಮಾರ್ಗವನ್ನು ತೋರಿಸಿತು. ಅದರಂತೆ ಯುದ್ಧದ ಹೆಚ್ಚುವರಿ ವಾಹನಗಳೂ ಉಪಕರಣಗಳೂ ಕೃಷಿ ಇಲಾಖೆಗೆ ಸೇರಿ, ಅದರ ಅಂಗವಾಗಿದ್ದ ಸಾರ್ವಜನಿಕ ರಸ್ತೆಗಳ ಕಾರ್ಯಾಲಯದ ಮೂಲಕ ಸಂಸ್ಥಾನಗಳ ಹೆದ್ದಾರಿ ಇಲಾಖೆಗಳಿಗೆ ಹಂಚಿಕೆಯಾದವು. ಸಂಸ್ಥಾನಗಳು ವಹಿಸಬೇಕಾಗಿದ್ದುದು ಮುಖ್ಯವಾಗಿ ಸಾಗಣೆಯ ವೆಚ್ಚವನ್ನು. ಬಂಡೆಗಳನ್ನು ಸಿಡಿಸಲು ಸೈನ್ಯದ ಸ್ಫೋಟಕಗಳು ಕೂಡ ಹೀಗೆಯೇ ರಸ್ತೆ ಕೆಲಸಕ್ಕೆ ಬಂದವು.

ಹೀಗೆ ಬಂದ ಲಾರಿಗಳಲ್ಲಿ ಎರಡು ಜಾತಿಯವು ನಮ್ಮ ವಿಷಯಕ್ಕೆ ಮುಖ್ಯ. ಮೊದಲನೆಯದು ವಿಸ್ಕಾನ್ಸಿನ್ನಿನ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಜಾಕೊ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ಯಂತ್ರಗಾರರ ಪ್ರಯೋಗಗಳಿಂದ ಹುಟ್ಟಿದ ಎಫ್.ಡಬ್ಲ್ಯು.ಡಿ. ಲಾರಿ, ಎರಡನೆಯದು ಅದೇ ಸಂಸ್ಥಾನದ ಕೆನೋಶದಲ್ಲಿ ತಯಾರಾದ ಕ್ವಾಡ್. ಎರಡರಲ್ಲಿಯೂ ಎಂಜಿನ್ನಿನ ಬಲ ನಾಲ್ಕು ಚಕ್ರಗಳಿಗೂ ಹರಿಯುತ್ತಿತ್ತು. ಫ್ರಾನ್ಸಿನ ರಣರಂಗದ ಕೆಸರಿಗೆ ತಕ್ಕುದಾಗಿದ್ದ ಈ ಗುಣ ಹಿಮಕ್ಕೂ ತಕ್ಕುದಾಗಿತ್ತು. ಮುಂಭಾಗಕ್ಕೆ ನೇಗಿಲಿನ ಆಕಾರದ ದೊಡ್ಡ ಫಲಕವನ್ನು ಕಟ್ಟಿದರೆ ಲಾರಿಯ ತೂಕವೂ ನಾಲ್ಕು ಚಕ್ರಗಳ ಹಿಡಿತವೂ ಸೇರಿ ಹಿಮವನ್ನು ದಾರಿಯ ಬದಿಗೆ ತಳ್ಳುತ್ತಿದ್ದವು. ಬೆಸರ್ಡಿಕ್ ೧೯೧೭ರಲ್ಲಿ ಮತ್ತೊಬ್ಬನೊಡನೆ ಸ್ಥಾಪಿಸಿದ ಆಶ್‌ಕಾಶ್ ಸಂಸ್ಥೆ ಮುಂದೆ ಹಿಮ ಸರಿಸುವ ವಾಹನಗಳಿಗೆ ಪ್ರಸಿದ್ಧವಾದುದು ಕೇವಲ ಆಕಸ್ಮಿಕವಲ್ಲ.

ಬಂದ ಲಾರಿಗಳೆಲ್ಲ ಸುಸ್ಥಿತಿಯಲ್ಲಿದ್ದುವೆಂದು ಭಾವಿಸಬಾರದು. ಹಲವು ತಯಾರಕರ ಹಲವು ಮಾದರಿಗಳು ಬೆರೆತಿದ್ದವು. ಕೆಲವನ್ನು ಬಿಚ್ಚಿ ಇತರ ಲಾರಿಗಳಿಗೆ ಬಿಡಿಭಾಗಗಳನ್ನು ಒದಗಿಸಬೇಕಾಯಿತು. ಇದಕ್ಕಾಗಿ ಹೆದ್ದಾರಿ ಇಲಾಖೆಗಳು ದುರಸ್ತಿ ಕಾರ್ಖಾನೆಗಳನ್ನು ಏರ್ಪಡಿಸಿ ಕುಶಲ ಕೆಲಸಗಾರರನ್ನು ನೇಮಿಸಿದವು. ಒಬ್ಬನೇ ಒಡೆಯನ ಕೈಯಲ್ಲಿ ಹೊರೆಯಾಗಬಹುದಾಗಿದ್ದ ಲಾರಿ ಇಂತಹ ಕಾರ್ಖಾನೆಯ ಆಶ್ರಯದಲ್ಲಿ ಸೊತ್ತಾಯಿತೆಂಬುದನ್ನು ಇಲ್ಲಿ ವಿಶೇಷವಾಗಿ ಲಕ್ಷಿಸಬೇಕು.

೪

ಎರಡನೆಯ ಮಹಾಯುದ್ಧದ ಅನಂತರದ ಚಿತ್ರ ಬೇರೆ ಬಗೆಯದು. ಈ ಯುದ್ಧದಲ್ಲಿ ತಯಾರಾದ ವಾಹನಗಳ ಸಂಖ್ಯೆಯೇ ಬೆರಗು ಹುಟ್ಟಿಸುವಂಥದು. ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು, ಜಿ.ಎಂ.ಸಿ.ಯ ಎರಡೂವರೆ ಟನ್ನಿನ ಲಾರಿಗಳು ಐದು ಲಕ್ಷವನ್ನು ಮೀರಿದವು. ೧೯೪೪ರ ಅಕ್ಟೋಬರ್ ೩ರಂದು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಹೆಚ್ಚುವರಿ ಆಸ್ತಿಯ ಶಾಸನ ಅಂಗೀಕೃತವಾಯಿತು. ಇದರ ಪ್ರಕಾರ ಸರಕಾರೀ ಸಂಸ್ಥೆಗಳ ಜತೆಗೆ, ಸಣ್ಣ ಉದ್ಯಮವನ್ನೋ ಬೇಸಾಯವನ್ನೋ ಆರಂಭಿಸಬಯಸುವ ನಿವೃತ್ತ ಸೈನಿಕರಿಗೂ ಆದ್ಯತೆಯುಂಟಾಯಿತು. ವಿಲೇವಾರಿಯ ಹೊಣೆ ಒಂದು ಕಾರ್ಯಾಲಯದಿಂದ ಇನ್ನೊಂದಕ್ಕೆ ದಾಟುತ್ತ ೧೯೪೬ರಲ್ಲಿ ಯುದ್ಧ ಆಸ್ತಿಗಳ ಆಡಳಿತಕ್ಕೆ ಬಂದಿತು. ೧೯೪೯ರಲ್ಲಿ ಅದೂ ಕೊನೆಗೊಂಡಿತು.

ಶಾಸನದ ಆಶಯ ಉದಾತ್ತವಾಗಿತ್ತು. ಆಚರಣೆ ಅಷ್ಟು ಸುಲಭವಾಗಲಿಲ್ಲ. ಲಾರಿಗಳೂ ಜೀಪುಗಳೂ ಇದ್ದುದಕ್ಕಿಂತ ಬೇಡುವವರು ಬಹಳವಾಗಿದ್ದರು. ಆದ್ಯತೆಯ ಪತ್ರ ಹಿಡಿದ ಸೈನಿಕರು ಉದ್ದನೆಯ ಸಾಲುಗಳಲ್ಲಿ ಕಾಯಬೇಕಾಯಿತು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಹೊಸ ಜೀಪು ಐವತ್ತು ಡಾಲರಿಗೆ ದೊರೆಯುತ್ತದೆಂಬ ಕಥೆ ಆಗಿನಿಂದ ಬಹುಕಾಲ ಜನಜನಿತವಾಗಿತ್ತು. ಅದು ಕಥೆಯೇ ಹೊರತು ಇತಿಹಾಸವಲ್ಲ. ಆದರೆ ಇಂತಹ ಕಥೆ ಹುಟ್ಟಿ ಹಬ್ಬಿತೆಂಬುದೇ ಜನರ ಆಸೆಯ ತೀವ್ರತೆಗೆ ಸಾಕ್ಷಿ.

ಈ ಆಸೆಯನ್ನು ತಯಾರಕರು ಬೇಗನೆ ಗುರುತಿಸಿದರು. ವಿಲ್ಲಿಸ್ ಸಂಸ್ಥೆ ೧೯೪೫ರಲ್ಲಿಯೇ ರೈತರನ್ನು ಉದ್ದೇಶಿಸಿ ನಾಗರಿಕ ಜೀಪನ್ನು ಹೊರತಂದಿತು. ಡಾಜ್ ಸಂಸ್ಥೆ ತನ್ನ ಮುಕ್ಕಾಲು ಟನ್ನಿನ ಸೈನಿಕ ವಾಹನದ ಚೌಕಟ್ಟಿಗೆ ಮುಚ್ಚಿದ ಕೋಣೆಯನ್ನು ಜೋಡಿಸಿ ೧೯೪೬ರಲ್ಲಿ ಪವರ್ ವ್ಯಾಗನ್ ಎಂಬ ಲಾರಿಯನ್ನು ಮಾರಾಟಕ್ಕಿಟ್ಟಿತು. ಇದರ ಮಾರಾಟ ಆ ದೇಶದಲ್ಲಿ ೧೯೬೮ರವರೆಗೆ ನಡೆಯಿತು. ಸೈನ್ಯದ ಲಾರಿಯಲ್ಲಿ ಇಲ್ಲದಿದ್ದುದು ಏನೆಂಬುದನ್ನು ಈ ಹೊಸ ವಾಹನಗಳೇ ತೋರಿಸಿಕೊಡುತ್ತವೆ: ಮುಚ್ಚಿದ ಕೋಣೆ, ಅಂಗಡಿಯಲ್ಲಿ ದೊರೆಯುವ ಬಿಡಿಭಾಗ, ತಯಾರಕನ ಪ್ರತಿನಿಧಿಯ ನೆರವು.

೫

ಇನ್ನು ಯಂತ್ರದ ಗುಣದೋಷಗಳನ್ನು ಕುರಿತು ಕೆಲವು ಮಾತು. ೧೯೫೦ರ ದಶಕದ ಆರಂಭದಲ್ಲಿ ಸೈನ್ಯಕ್ಕೆ ಬಂದು, ಅನಂತರದ ದಶಕಗಳಲ್ಲಿ ಹರಾಜುಗಳ ಮೂಲಕ ನಾಗರಿಕರ ಕೈಸೇರಿದ ಎಂ-೩೭ ಮತ್ತು ಎಂ-೩೫ ಎಂಬ ಎರಡು ಮಾದರಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೊದಲನೆಯದು ನಾಲ್ಕು ಚಕ್ರಗಳ ಮುಕ್ಕಾಲು ಟನ್ನಿನ ಲಾರಿ. ಎರಡನೆಯದು ಮೂರು ಅಚ್ಚುಗಳ, ತಾನೇ ಸುಮಾರು ಆರು ಟನ್ ತೂಗುವ ಎರಡೂವರೆ ಟನ್ನಿನ ಲಾರಿ. ಎಲ್ಲ ಅಚ್ಚುಗಳಿಗೂ ಬಲ ಹರಿಯುವುದು, ನೆಲದಿಂದ ಸಾಕಷ್ಟು ಎತ್ತರ, ನಿಧಾನವಾಗಿ ಎಳೆಯಬಲ್ಲ ಗೇರುಗಳು, ನೀರು ಹೊಗದ ವಿದ್ಯುತ್ ಜೋಡಣೆ, ಇವು ಹಿಮದಲ್ಲಿ ನಿಜವಾದ ಗುಣಗಳು.

ದೋಷಗಳೂ ಅಷ್ಟೇ ನಿಜ. ಸೈನ್ಯದ ಟೈರುಗಳ ಪಡಿಯಚ್ಚು ಎರಡು ದಿಕ್ಕಿಗೂ ಒಂದೇ ಬಗೆಯಾಗಿ ಎಳೆಯುವಂತೆ ರಚಿತವಾದುದು. ಮಣ್ಣಿನಲ್ಲಿ ಅದು ಒಳ್ಳೆಯದು. ಆದರೆ ಒತ್ತಿ ಗಟ್ಟಿಯಾದ ಹಿಮದ ಮೇಲೂ ಮಂಜುಗಡ್ಡೆಯ ಮೇಲೂ ಅದಕ್ಕೆ ಹಿಡಿತ ಸಾಲದು, ಸರಪಳಿ ಕಟ್ಟಬೇಕಾಗುತ್ತದೆ. ಎಲ್ಲ ಚಕ್ರಗಳಿಗೂ ಬಲವಿದ್ದರೆ ಲಾರಿ ಹೊರಡುವುದು ಸುಲಭವೇ ಹೊರತು ನಿಲ್ಲುವುದು ಸುಲಭವಲ್ಲ. ಜಾರುವ ನೆಲದ ಮೇಲೆ ಆರು ಟನ್ ತೂಕ ಚಾಲಕನಿಗೆ ಮಿತ್ರನಲ್ಲ. ಕೋಣೆಯ ಮೇಲ್ಹೊದಿಕೆ ಸಾಮಾನ್ಯವಾಗಿ ಕ್ಯಾನ್ವಾಸು. ಚಾಲಕನನ್ನು ಬೆಚ್ಚಗಿಡುವ ಉಪಕರಣ ಪ್ರತ್ಯೇಕವಾಗಿ ಜೋಡಿಸತಕ್ಕದ್ದು. ಬ್ಯಾಟರಿಯ ಬಲ ಶೀತ ಹೆಚ್ಚಿದಂತೆ ಕುಗ್ಗುತ್ತದೆ. ಸೈನ್ಯದ ೨೪ ವೋಲ್ಟಿನ ವ್ಯವಸ್ಥೆ ಎಂಜಿನ್ನನ್ನು ಗಟ್ಟಿಯಾಗಿ ತಿರುಗಿಸುವುದಾದರೂ, ಊರಿನ ಅಂಗಡಿಯ ೧೨ ವೋಲ್ಟಿನ ಬಿಡಿಭಾಗಗಳು ಅದಕ್ಕೆ ಒಗ್ಗವು. ಎಂ-೩೫ರ ಬ್ರೇಕಿಗೆ ನೆರವಾಗುವ ಒತ್ತಡದ ಗಾಳಿಯಲ್ಲಿ ನೀರಿನಂಶ ಸೇರಿದರೆ ಅದು ಕೊಳವೆಯಲ್ಲಿ ಹೆಪ್ಪುಗಟ್ಟಬಹುದು. ಡೀಸಲನ್ನು ಉರಿಸುವಾಗ, ತಕ್ಕ ಮಿಶ್ರಣವಿಲ್ಲದಿದ್ದರೆ, ಕಡುಚಳಿಯಲ್ಲಿ ಅದರ ಮೇಣದಂಶ ಗಟ್ಟಿಯಾಗಿ ಸೋಸುಕಗಳನ್ನು ಕಟ್ಟುತ್ತದೆ.

ಈ ದೋಷಗಳಿಗೆಲ್ಲ ಕಾರಣ ಒಂದೇ. ಸೈನ್ಯದ ಲಾರಿ ಒಂಟಿಯಾಗಿ ಬಾಳಲು ಹುಟ್ಟಿದುದಲ್ಲ. ಅದರ ಹಿಂದೆ ಯಂತ್ರಗಾರರ ದಳ, ಬಿಡಿಭಾಗಗಳ ಉಗ್ರಾಣ, ಇಂಧನ ಪೂರೈಕೆ, ಪ್ರತಿದಿನದ ತಪಾಸಣೆ, ಇವೆಲ್ಲ ಇರುತ್ತವೆಂಬ ನಂಬಿಕೆಯ ಮೇಲೆ ಅದರ ರಚನೆ ನಿಂತಿದೆ. ಹರಾಜಿನಲ್ಲಿ ಲಾರಿ ಮಾತ್ರ ಮಾರಾಟವಾಗುತ್ತದೆ, ದಳ ಮಾರಾಟವಾಗುವುದಿಲ್ಲ. ಬೆಲೆ ಅಗ್ಗವಾಗಿ ಕಾಣುವುದರ ಗುಟ್ಟು ಇದು. ಹೊರಗಿನಿಂದ ದೊರೆಯದ ದಳದ ಕೆಲಸವನ್ನು ಕೊಂಡವನೇ ತನ್ನ ಕೈಯಿಂದ, ಅದೂ ಹಿಮ ಬೀಳುವ ಮುನ್ನ, ಮಾಡಬೇಕಾಗುತ್ತದೆ. ಅದನ್ನು ಬಲ್ಲವನಿಗೆ, ವರ್ಷದಲ್ಲಿ ಕೆಲವೇ ದಿನ ಕೆಲವೇ ಮೈಲಿ ಓಡಿಸುವವನಿಗೆ, ಈ ಲಾರಿ ಇಂದಿಗೂ ಕೆಲಸಕ್ಕೆ ಬರುತ್ತದೆ. ದಿನವೂ ದೂರ ಹೋಗಿಬರಬೇಕಾದವನಿಗೆ ಅದು ದುಬಾರಿಯಾದ ಅಗ್ಗದ ವಸ್ತು.

೬

ಸೈನ್ಯದ ಲಾರಿ ಎಲ್ಲಿ ದೀರ್ಘಕಾಲ ಸಾರ್ಥಕವಾಯಿತೆಂಬುದನ್ನು ನೋಡಿದರೆ ನಮ್ಮ ಅಭಿಪ್ರಾಯ ಮತ್ತಷ್ಟು ವಿಶದವಾಗುತ್ತದೆ. ಅಮೆರಿಕದ ಅರಣ್ಯ ಸೇವೆಯ ಮೂಲಕ ಹೆಚ್ಚುವರಿ ಲಾರಿಗಳನ್ನು ಗ್ರಾಮಾಂತರದ ಅಗ್ನಿಶಾಮಕ ದಳಗಳಿಗೆ ಎರವಲಾಗಿ ಕೊಡುವ ಪದ್ಧತಿ ಹಲವು ದಶಕಗಳಿಂದ ನಡೆದುಬಂದಿದೆ. ಒಡೆತನ ಸರಕಾರದ್ದು, ಬಳಕೆ ಊರಿನದು. ನೀರಿನ ತೊಟ್ಟಿಯನ್ನು ಹೊತ್ತ ಹಳೆಯ ಸೈನಿಕ ಲಾರಿ ಇಂತಹ ದಳಗಳಲ್ಲಿ ಸಾಮಾನ್ಯ ನೋಟವಾಯಿತು. ಇಲ್ಲಿ ಲಾರಿಯನ್ನು ಕಾಯುವ ಕೈಗಳು ಹಲವು. ಅದು ಕೆಟ್ಟರೆ ನಷ್ಟ ಇಡೀ ಊರಿನದೆಂಬ ತಿಳಿವಳಿಕೆಯೂ ಇದೆ.

ಒಟ್ಟಿನಲ್ಲಿ ಹೇಳುವುದಾದರೆ, ೧೯೧೯ರ ಹಂಚಿಕೆ ಲಾರಿಯನ್ನು ಸಂಸ್ಥೆಗೆ ಕೊಟ್ಟಿತು. ೧೯೪೪ರ ಶಾಸನ ಅದನ್ನು ವ್ಯಕ್ತಿಗೂ ಕೊಡಬಯಸಿತು. ಮೊದಲನೆಯದರ ಫಲವನ್ನು ಲಾರಿಯನ್ನೇ ಕಾಣದವರೂ ಉಂಡರು: ತೆರೆದ ದಾರಿಯಲ್ಲಿ ವೈದ್ಯನ ಸಾಧಾರಣ ಕಾರು ಹೋಯಿತು, ಟಪಾಲು ಹೋಯಿತು, ಹಾಲು ಹೋಯಿತು. ಎರಡನೆಯದರ ಫಲ ಕೊಂಡವನ ಕೈಚಳಕವನ್ನು ಅವಲಂಬಿಸಿತು. ದಾರಿ ತೆರೆದಂತೆಲ್ಲ ಸೈನ್ಯದ ಲಾರಿಯ ಅವಶ್ಯಕತೆ ಒಬ್ಬೊಬ್ಬರಿಗೆ ಕಡಮೆಯಾದುದು ವಿಚಿತ್ರವಾದರೂ ಸತ್ಯ; ತನ್ನನ್ನೇ ಅನಾವಶ್ಯಕವಾಗಿಸಿಕೊಂಡುದೇ ಅದರ ದೊಡ್ಡ ಸೇವೆ. ಯುದ್ಧದಿಂದ ಮಿಕ್ಕ ಇತರ ವಸ್ತುಗಳ ನಾಗರಿಕ ಬಾಳ್ವೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ವಸ್ತುವಿನ ಬೆಲೆಯನ್ನು ಕೇಳುವ ಮುನ್ನ, ಅದನ್ನು ಕಾಯುವವರು ಯಾರು ಎಂದು ಕೇಳುವುದು ಲೇಸು.